ಅಕ್ಕನಾಗಮ್ಮನ ಮೇಲ್ಮುಖ ಹರಕೆ

ಸಂಡೂರು ಸೀಮೆಯ ಹೊರೆಮಲ್ಲಯ್ಯನ ಗುಡ್ಡವು ವಿಜಯನಗರದ ಅರಸರ ಕಾಲದಿಂದ ವರ್ಷಕ್ಕಿಷ್ಟು ಎಂಬಂತೆ ಎತ್ತರವಾಗುತ್ತ ಬಂದು, ಎರಡು ಸಾವಿರದ ನಾಲ್ಕನೆಯ ಇಸವಿಯಿಂದೀಚೆಗೆ ಭಕ್ತಾದಿಗಳ ಅನುಕೂಲಕ್ಕಾಗಿ ತಗ್ಗಾಗತೊಡಗಿತು. ಇದರಲ್ಲಿ ಬಾಯಿ ತೆರೆದು ನೋಡುವಂಥದ್ದೇನೂ ಇಲ್ಲ. ಎತ್ತರವಾಗುವುದಕ್ಕೊಂದು ಪದ್ಧತಿ ಇತ್ತು, ತಗ್ಗಾಗುವುದಕ್ಕೊಂದು ಪದ್ಧತಿ ಬಂತು. ಎರಡನೆಯದಕ್ಕೆ ರಬ್ಬರ್ ಸ್ಟಾಂಪೂ ಇದೆ.

ಮೊದಲಿನ ಪದ್ಧತಿ ಸರಳ. ಕಷ್ಟದಲ್ಲಿದ್ದವರು ಗುಡ್ಡದ ದಿಕ್ಕಿಗೆ ಕೈ ಮುಗಿದು, ಮಲ್ಲಯ್ಯಾ ನನ್ನ ಹೊರೆ ನೀನಿಳಿಸು, ನಿನ್ನ ಹೊರೆ ನಾ ಹೊರ್ತೀನಿ ಅಂತ ಬೇಡಿಕೊಳ್ಳುವುದು. ಕಷ್ಟ ಕಳೆದ ಮೇಲೆ, ಅದು ಎಲ್ಲಿ ಕಳೆಯಿತೋ ಅದೇ ಜಾಗದ ಒಂದು ಕಲ್ಲನ್ನು ತಲೆ ಮೇಲೆ ಹೊತ್ತು, ಬರಿಗಾಲಲ್ಲಿ ಗುಡ್ಡ ಹತ್ತಿ, ಗುಡಿಯ ಹಿಂದೆ ಇಳಿಸಿ ಬರುವುದು. ಹೊಲದಲ್ಲಿ ಕಳೆದರೆ ಹೊಲದ ಕಲ್ಲು, ಬಾವಿಯಲ್ಲಿ ಕಳೆದರೆ ಬಾವಿಯ ಕಲ್ಲು. ಕೋರ್ಟಿನಲ್ಲಿ ಕಷ್ಟ ಕಳೆದವನೊಬ್ಬ ಕೋರ್ಟಿನ ಕಾಂಪೌಂಡಿನಿಂದಲೇ ಕಲ್ಲು ಕಿತ್ತು ತಂದು, ಅದರ ಸಲುವಾಗಿ ಹೊಸದೊಂದು ಕೇಸು ಹಾಕಿಸಿಕೊಂಡಿದ್ದೂ ಉಂಟು. ಹೀಗೆ ಐನೂರು ವರ್ಷ ಜನ ತಮ್ಮ ತಮ್ಮ ಕಷ್ಟಗಳನ್ನು ತಂದು ಸುರಿದು ಗುಡ್ಡದ ಮೇಲೊಂದು ಗುಡ್ಡವಾಗಿತ್ತು.

ಕಂಪ್ಲಿ ಬಸ್‌ಸ್ಟ್ಯಾಂಡಿನ ಎದುರು ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾರುವ ಅಕ್ಕನಾಗಮ್ಮನ ಕಷ್ಟವು ಕಾಲುವೆ ದಂಡೆಯ ಬಟ್ಟೆ ಒಗೆಯುವ ಬಂಡೆಯ ಮೇಲೆ ಕಳೆದಿತ್ತು. ಅವಳ ಮಗಳು ತ್ರಿವೇಣಿ ಮೂರು ವರ್ಷವಾದರೂ ಒಂದಕ್ಷರ ಆಡಿರಲಿಲ್ಲ. ಅಕ್ಕನಾಗಮ್ಮ ಹೊರೆಮಲ್ಲಯ್ಯನಿಗೆ ಹರಕೆ ಹೊತ್ತಳು: ಕೂಸಿಗೆ ಮಾತು ಕೊಡು, ಅದರ ಮದುವೆಯೊಳಗೆ ಕಲ್ಲು ಹೊತ್ತು ತರುತ್ತೇನೆ. ಕೆಲವು ದಿನ ಕಳೆದು, ಆಕೆ ಮತ್ತು ನೆರೆಮನೆಯ ಯಲ್ಲಕ್ಕ ಒಂದು ಸಾಬೂನಿನ ತುಂಡಿಗಾಗಿ ಜಡೆ ಹಿಡಿದು ನಿಂತಾಗ, ಬಂಡೆಯ ಮೇಲೆ ಕುಂತಿದ್ದ ಕೂಸು ಸ್ಪಷ್ಟವಾಗಿ, "ಸಾಬೂನು ಯಲ್ಲಕ್ಕಂದು," ಅಂದಿತು. ಹೆತ್ತ ತಾಯಿಯ ವಿರುದ್ಧ ಸಾಕ್ಷಿ ಹೇಳುವುದರಿಂದ ಶುರುವಾದ ಆ ಬಾಯಿ ಆಮೇಲೆ ಮುಚ್ಚಿದ್ದನ್ನು ಕಂಪ್ಲಿಯಲ್ಲಿ ಯಾರೂ ನೋಡಿಲ್ಲ.

ಅಕ್ಕನಾಗಮ್ಮ ಅವತ್ತೇ ಆ ಬಂಡೆಯ ಮೂಲೆಯಿಂದ ತಲೆ ಮೇಲೆ ಕೂರುವಷ್ಟು ಒಂದು ತುಂಡು ಒಡೆಸಿ ಹಿತ್ತಲಲ್ಲಿಟ್ಟು, ಮುಂದಿನ ವರ್ಷ ಹೋದರಾಯಿತು ಅಂದುಕೊಂಡಳು. ಮಿರ್ಚಿ ಬಾಣಲೆ ಬಿಟ್ಟು ಏಳಲಾಗದೆ ಮುಂದಿನ ವರ್ಷ ಎಂಬುದು ಮುಂದಕ್ಕೇ ಹೋಯಿತು. ತ್ರಿವೇಣಿಗೆ ಮಲಪನಗುಡಿಯಿಂದ ಸಂಬಂಧ ಬಂದಾಗಲೇ ಕಲ್ಲಿನ ನೆನಪು ಬಂದದ್ದು.

ವರನ ತಾಯಿ ದುರ್ಗಕ್ಕ ಹುಡುಗಿಯ ಮಾತು ಕೇಳಿ ಮೆಚ್ಚಿಕೊಂಡವಳು, ಹರಕೆ ಬಾಕಿಯಿರುವ ವಿಷಯ ಕಿವಿಗೆ ಬಿದ್ದೊಡನೆ ಕೈಯಲ್ಲಿದ್ದ ಎಲೆ ಅಡಿಕೆ ತಟ್ಟೆಯನ್ನು ಕೆಳಗಿಟ್ಟಳು. ಮುಟ್ಟಿಸದ ಹರಕೆಯಿಂದ ಬಂದ ಮಾತನ್ನು ದೇವರು ಯಾವಾಗ ಬೇಕಾದರೂ ವಾಪಸು ತೆಗೆದುಕೊಳ್ಳಬಹುದು. ತಮ್ಮ ಮನೆಗೆ ಬಂದ ಮೇಲೆ ತೆಗೆದುಕೊಂಡರೆ ಹೊಣೆ ಯಾರು ಎಂಬುದು ಆಕೆಯ ಪ್ರಶ್ನೆ. ವರ ವಿಜಯಕುಮಾರ, ಅದಿರು ಸಾಗಿಸುವ ಟಿಪ್ಪರಿನ ಡ್ರೈವರು, ಮಾತು ಹೋದರೂ ತನ್ನ ಅಭ್ಯಂತರವಿಲ್ಲ ಅಂತ ಸಣ್ಣ ದನಿಯಲ್ಲಿ ಹೇಳಿದ್ದನ್ನು ಹಿರಿಯರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ತ್ರಿವೇಣಿ ತೆಗೆದುಕೊಂಡಳು.

"ಹರಕಿ ಮುಟ್ಟಿಸಿ, ಸಮಿತಿಯವರ ಚೀಟಿ ತಗೊಂಡು ಬರ್ರಿ ಅಕ್ಕಾರ," ಅಂದಳು ದುರ್ಗಕ್ಕ. "ಚೀಟಿ ಬಂದ ಮ್ಯಾಲ ಮದುವಿ ಅಕ್ಕಿಕಾಳು. ಅಲ್ಲೀತನ ನಾವು ಬೀಗರಲ್ಲ, ಬರೇ ಪರಿಚಯ."

ಅಕ್ಕನಾಗಮ್ಮ ಕಲ್ಲನ್ನು ಗೋಣಿಚೀಲಕ್ಕೆ ಹಾಕಿ, ಬಾಣಲೆಯನ್ನು ಗಂಡ ಹಂಪೇಶನಿಗೆ ಒಪ್ಪಿಸಿ, ಮಗಳನ್ನು ಕರಕೊಂಡು ಬಸ್ಸು ಹತ್ತಿದಳು. ಕಂಡಕ್ಟರು ಚೀಲದಲ್ಲೇನು ಅಂದ. ಕಲ್ಲು ಅಂದಳು. ಯಾವ ಗ್ರೇಡು ಅಂದ. ಆ ಕಾಲದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಕಲ್ಲು ಅಂದವರನ್ನು ಕೇಳುವ ಎರಡನೇ ಪ್ರಶ್ನೆಯೇ ಅದು; ಕಲ್ಲಿನೊಳಗೆ ನೂರಕ್ಕೆ ಎಷ್ಟು ಪಾಲು ಕಬ್ಬಿಣವಿದೆ ಎಂಬುದನ್ನು ಮೀಸೆ ಮೂಡದ ಹುಡುಗರೂ ಮೂಸಿ ಹೇಳುತ್ತಿದ್ದರು. ಚೀನಾ ದೇಶಕ್ಕೆ ಕಬ್ಬಿಣದ ಹಸಿವು ಹತ್ತಿತ್ತು. ಅಲ್ಲಿ ಹಸಿದರೆ ಇಲ್ಲಿ ಊಟ ಬಡಿಸುವ ಗಡಿಬಿಡಿ. ಹೊಸಪೇಟೆ ದಾಟುತ್ತಲೇ ಲೋಕ ಕೆಂಪಾಯಿತು: ಮರ, ನಾಯಿ, ಕಿಲೋಮೀಟರ್ ಕಲ್ಲು, ಹೋಟೆಲಿನ ಇಡ್ಲಿ ಎಲ್ಲ ಒಂದೇ ಬಣ್ಣ. ಬಿಳಿ ಅಂಗಿ ತೊಟ್ಟು ಸಂಡೂರಿಗೆ ಹೋದವರನ್ನು ವಾಪಸು ಬಂದಾಗ ಮನೆಯವರು ಗುರುತು ಕೇಳಿ ಒಳಗೆ ಬಿಡುತ್ತಿದ್ದರು.

ಗುಡ್ಡದ ಬುಡದಲ್ಲಿ ತಾಯಿ ಮಗಳು ಇಳಿದಾಗ ಕಂಡದ್ದು ಇಷ್ಟು. ಹೆಂಗಸರು, ಗಂಡಸರು, ಮುದುಕರು, ತಲೆ ಮೇಲೆ ಕಲ್ಲು ಹೊತ್ತು ಮಲ್ಲಯ್ಯನ ಹೆಸರು ಹೇಳುತ್ತ ಬರುತ್ತಿದ್ದರು. ಅದರಲ್ಲಿ ಏನೂ ತಪ್ಪಿಲ್ಲ. ಆದರೆ ಅವರೆಲ್ಲ ಇಳಿದು ಬರುತ್ತಿದ್ದರು. ಇಳಿದು ಬಂದವರು ಕಲ್ಲನ್ನು ಕುಂಕುಮ ಹಚ್ಚಿದ ಟಿಪ್ಪರಿನೊಳಗೆ ಹಾಕಿ, ಟಿಪ್ಪರಿಗೆ ಒಂದು ಸುತ್ತು ಹಾಕಿ, ನಮಸ್ಕರಿಸಿ ಹೋಗುತ್ತಿದ್ದರು. ಕಮಾನಿನ ಮೇಲೆ ಹೊಸ ಬೋರ್ಡು ಇತ್ತು:

"ಶ್ರೀ ಹೊರೆಮಲ್ಲಯ್ಯ ದೇವಸ್ಥಾನ ಸೇವಾ ಸಮಿತಿ. ಪ್ರಕಟಣೆ. ಶ್ರೀ ಸ್ವಾಮಿಯವರು ಅಧ್ಯಕ್ಷರ ಸ್ವಪ್ನದಲ್ಲಿ ದರ್ಶನವಿತ್ತು, ಐನೂರು ವರ್ಷಗಳಿಂದ ಭಕ್ತರು ಹೊರಿಸಿದ ಹೊರೆಯಿಂದ ತಮಗೆ ಬೆನ್ನುನೋವು ಉಂಟಾಗಿರುವುದಾಗಿ ಅಪ್ಪಣೆ ಕೊಡಿಸಿರುವ ಮೇರೆಗೆ, ಇನ್ನು ಮುಂದೆ ಸಕಲ ಹರಕೆಗಳೂ ಕೆಳಮುಖವಾಗಿ ಸಲ್ಲತಕ್ಕದ್ದು. ಕಲ್ಲನ್ನು ಮೇಲಕ್ಕೆ ಒಯ್ಯುವುದು ಸ್ವಾಮಿಯವರ ಆರೋಗ್ಯದ ದೃಷ್ಟಿಯಿಂದ ನಿಷೇಧಿಸಲ್ಪಟ್ಟಿದೆ. ಶೇಕಡಾ ಅರವತ್ತೆರಡಕ್ಕಿಂತ ಕಡಿಮೆ ಕಬ್ಬಿಣವುಳ್ಳ ಕಲ್ಲಿನಿಂದ ಪುಣ್ಯ ಬಾರದಿದ್ದಲ್ಲಿ ಸಮಿತಿ ಜವಾಬ್ದಾರಿಯಲ್ಲ."

ಕನಸು ಬಿದ್ದದ್ದು ಸಮಿತಿಯ ಅಧ್ಯಕ್ಷ ನಾಗೇಂದ್ರಪ್ಪನವರಿಗೆ. ಮೊದಲು ಅಕ್ಕಿ ಗಿರಣಿ ನಡೆಸುತ್ತಿದ್ದ ಇವರು ಅದಿರಿನ ಕಾಲ ಬಂದ ಮೇಲೆ ಗಿರಣಿಗೆ ಬೀಗ ಹಾಕಿ ಟಿಪ್ಪರುಗಳನ್ನು ಕೊಂಡಿದ್ದರು. ಕನಸಿನಲ್ಲಿ ದೇವರು ಅವರನ್ನು "ನಾಗೇಂದ್ರಪ್ಪನೋರ" ಎಂದೇ ಕರೆದು, ಕೊನೆತನಕ ಬಹುವಚನದಲ್ಲೇ ಮಾತಾಡಿದ್ದನ್ನು ಸಭೆಯ ನಡಾವಳಿಯಲ್ಲಿ ದಾಖಲಿಸಲಾಗಿದೆ. ಭಕ್ತರಿಗೂ ಹೊಸ ಪದ್ಧತಿ ಹಿಡಿಸಿತು. ಮೊದಲು ಹೊತ್ತು ಹತ್ತಿ ಬರಿಗೈಲಿ ಇಳಿಯಬೇಕಿತ್ತು. ಈಗ ಬರಿಗೈಲಿ ಹತ್ತಿ ಹೊತ್ತು ಇಳಿಯುವುದು. ಪುಣ್ಯ ಅಷ್ಟೇ, ಏದುಸಿರು ಕಡಿಮೆ. ದೇವರು ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಅಂತ ಕೆಲವು ಮುದುಕರು ಬೇಜಾರು ಮಾಡಿಕೊಂಡರಂತೆ.

ಅಕ್ಕನಾಗಮ್ಮ ಬೋರ್ಡನ್ನು ಓದಿಸಿಕೊಳ್ಳುವ ಗೋಜಿಗೆ ಹೋಗದೆ, ಸಿಂಬಿ ಇಟ್ಟು, ಕಲ್ಲು ಹೊತ್ತು, ಮೆಟ್ಟಿಲಿಗೆ ಕಾಲಿಟ್ಟಳು. ಚೆಕ್‌ಪೋಸ್ಟಿನ ಕಾವಲಿನವನು ಸೀಟಿ ಊದಿದ. ಇದು ಒನ್ ವೇ ಅಂದ. ಕಲ್ಲನ್ನು ಮೇಲಕ್ಕೆ ಯಾರೂ ಒಯ್ಯುವುದಿಲ್ಲವೆಂದೂ, ಒಯ್ಯುವವರ ಉದ್ದೇಶ ಏನಿರಬಹುದೆಂದು ತನಗೆ ಗೊತ್ತಿದೆಯೆಂದೂ ಹೇಳಿ, ಆಕೆಯನ್ನು ಕಲ್ಲಿನ ಸಮೇತ ಪರೀಕ್ಷೆಯ ಶೆಡ್ಡಿಗೆ ಕರೆದೊಯ್ದ.

ಶೆಡ್ಡಿನಲ್ಲಿ ಮನೋಹರ ಎಂಬ ಹರಕೆ ಗುಣಮಟ್ಟ ಪರೀಕ್ಷಕ ಕುಂತಿದ್ದ. ಅವನು ಕಲ್ಲಿನ ಚೂರು ಪುಡಿ ಮಾಡಿ, ಏನೇನೋ ಸುರಿದು, ಕಾಯಿಸಿ, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ಅಮ್ಮಾರ, ನಿಮ್ಮ ಹರಕಿಯೊಳಗ ಕಬ್ಬಿಣ ಭಾಳ ಕಮ್ಮಿ ಐತ್ರಿ. ನೂರಕ್ಕ ನಾಕು."

ತ್ರಿವೇಣಿ ಅಂದಳು, "ನಮ್ಮ ಕಂಪ್ಲಿ ದವಾಖಾನ್ಯಾಗ ಹಂಗಂದ್ರ ಕೆಂಪು ಗುಳಿಗಿ ಕೊಡ್ತಾರ್ರಿ. ನಿಮ್ಮಲ್ಲಿ ಕಲ್ಲಿಗೂ ಕೊಡೋ ರೂಢಿ ಐತೇನು?"

ಮನೋಹರ ಇಲ್ಲವೆಂದು ತಲೆಯಾಡಿಸಿ, ವಿಷಯದ ಗಾಂಭೀರ್ಯವನ್ನು ತಾಯಿಗೆ ವಿವರಿಸಿದ. ಗುಡ್ಡದ ಅದಿರು ಉತ್ತಮ ದರ್ಜೆಯದು. ಅದರ ಮೇಲೆ ಇಂಥ ಬಿಳಿ ಕಲ್ಲು ಒಯ್ದು ಹಾಕುವುದು, ಹಾಲಿಗೆ ನೀರು ಬೆರೆಸಿದಂತೆ, ಕಲಬೆರಕೆಯ ಅಪರಾಧವಾಗುತ್ತದೆ. "ಇದನ್ನ ಮ್ಯಾಲ ಹಾಕಿದ್ರ ದೇವರ ಸರಾಸರಿ ಇಳೀತೈತ್ರಿ. ನಾನು ಹೆಂಗ ಸಹಿ ಮಾಡ್ಲಿ?"

ಅಕ್ಕನಾಗಮ್ಮ ಅವನ ಹತ್ತಿರ ಜಗಳಕ್ಕೆ ನಿಲ್ಲಲಿಲ್ಲ. ಒಂದು ಮಿರ್ಚಿ ಸಲುವಾಗಿ ಅರ್ಧ ಗಂಟೆ ನಿಲ್ಲಬಲ್ಲವಳಿಗೆ ದೇವರ ಸರಾಸರಿ ಅಂದಕೂಡಲೇ ನಾಲಿಗೆ ಏಳಲಿಲ್ಲ. ತನ್ನ ಕಲ್ಲಿನಿಂದ ಮಲ್ಲಯ್ಯನಿಗೆ ಕಮ್ಮಿಯಾಗುವಂಥದ್ದೇನಾದರೂ ಇದ್ದೀತೇ ಎಂದು ಅವಳು ನಿಜವಾಗಿಯೂ ಯೋಚನೆ ಮಾಡಿದಳು. ಆಮೇಲೆ, ಅಧ್ಯಕ್ಷರು ಎಲ್ಲಿದ್ದಾರೆ ಅಂತ ಕೇಳಿದಳು.

ನಾಗೇಂದ್ರಪ್ಪನವರು ದೊಡ್ಡ ಮನುಷ್ಯರು; ಅಹವಾಲು ಕೇಳಿ ನೀರು ಕೊಡಿಸಿದರು, ನೀರೂ ಕೆಂಪಗಿತ್ತು. ಹಳೇ ಪದ್ಧತಿಯ ಬಾಕಿ ಹರಕೆಗಳಿಗಾಗಿ ಸಮಿತಿ ಒಂದು ಪರಿವರ್ತನಾ ಯೋಜನೆ ಮಾಡಿದೆಯೆಂದು ತಿಳಿಸಿದರು. ಒಂದು ಮೇಲ್ಮುಖ ಹರಕೆಗೆ ಮೂರು ಕೆಳಮುಖ ಹರಕೆ ಸಮ. ಕಂಪ್ಲಿಯ ಕಲ್ಲನ್ನು ಬುಡದಲ್ಲಿ ಬಿಟ್ಟು, ಮೇಲಿನಿಂದ ಮೂರು ಒಳ್ಳೆಯ ಕಲ್ಲು ಇಳಿಸಿಕೊಟ್ಟರೆ ಚೀಟಿ ಕೈಗೆ. ಮೂರೇ ಯಾಕೆ ಅಂತ ತ್ರಿವೇಣಿ ಕೇಳಿದಳು. ದೇವರು ಮುಕ್ಕಣ್ಣನಲ್ಲವೇ ಎಂದರು ಅಧ್ಯಕ್ಷರು.

ಅಕ್ಕನಾಗಮ್ಮ ಮೂರು ಸಲ ಹತ್ತಿದಳು, ಮೂರು ಸಲ ಇಳಿದಳು. ಅದಿರಿನ ಕಲ್ಲು ನೋಡಲು ಮುಷ್ಟಿಯಷ್ಟಿದ್ದರೂ ಹೊತ್ತರೆ ಮೂಟೆ. ಮೂರನೇ ಸಲ ಇಳಿಯುವಾಗ ಗುಡಿಯ ಪೂಜಾರಿ ಪಾಲಪ್ಪನ ತೋಳು ಹಿಡಿದುಕೊಳ್ಳಬೇಕಾಯಿತು. ಪಾಲಪ್ಪ ತಲೆತಲಾಂತರದಿಂದ ಮಲ್ಲಯ್ಯನ ಪೂಜೆ ಮಾಡಿಕೊಂಡು ಬಂದ ಮನೆತನದವನು. ಈಗ ಸಮಿತಿ ಅವನಿಗೆ ಧೂಳು ಅಡಗಿಸುವ ಕೆಲಸವನ್ನೂ ವಹಿಸಿತ್ತು. ದೇವರಿಗೂ ಲಾರಿ ರಸ್ತೆಗೂ ಒಂದೇ ಟ್ಯಾಂಕರಿನಿಂದ ಅಭಿಷೇಕ. ರಸ್ತೆಗೆ ದಿನಕ್ಕೆ ನಾಲ್ಕು ಸಲ, ದೇವರಿಗೆ ನೀರು ಉಳಿದರೆ ಒಂದು ಸಲ.

ಚೀಟಿ ಸಿಕ್ಕಿತು. "ಕೆಳಮುಖ ಹರಕೆ, ಪರಿವರ್ತಿತ, ಸಂದಾಯ" ಎಂದು ಮುದ್ದಾಗಿ ಬರೆದಿತ್ತು. ಮರುದಿನವೇ ಅಕ್ಕನಾಗಮ್ಮ ಅದನ್ನು ಸೀರೆಯ ಸೆರಗಿಗೆ ಕಟ್ಟಿಕೊಂಡು ಮಗಳ ಜೊತೆ ಮಲಪನಗುಡಿಗೆ ಹೋದಳು. ದುರ್ಗಕ್ಕ ಚೀಟಿಯನ್ನು ಪಕ್ಕದ ಮನೆಯ ಹುಡುಗಿಯಿಂದ ಎರಡು ಸಲ ಓದಿಸಿ, ಮಡಚಿ ಅಕ್ಕನಾಗಮ್ಮನ ಕೈಗೇ ವಾಪಸು ಇಟ್ಟಳು.

"ಅಕ್ಕಾರ, ತಪ್ಪು ತಿಳೀಬ್ಯಾಡ್ರಿ. ಏರಿಸ್ತೀನಿ ಅಂದಿದ್ದಕ್ಕ ಕೂಸಿಗೆ ಮಾತು ಬಂತು, ಹೌದಲ್ರಿ? ನೀವು ಇಳಿಸಿ ಬಂದೀರಿ. ಮೂರು ಸಲ ಬ್ಯಾರೆ. ಇನ್ನ ಈ ಹುಡುಗಿಯೊಳಗ ಮಾತು ಎಷ್ಟು ದಿನ ಇದ್ದೀತು, ನೀವ ಹೇಳ್ರಿ."

ಇದು ಅಕ್ಕನಾಗಮ್ಮನಿಗೂ ಸರಿ ಅನ್ನಿಸಿತು. ಬಸ್ಸಿನಲ್ಲಿ ವಾಪಸು ಬರುವಾಗ ಅವಳು ಮಗಳ ಬಾಯನ್ನೇ ನೋಡುತ್ತ ಕುಂತಳು. ತ್ರಿವೇಣಿ ಕಂಪ್ಲಿ ಬರುವ ತನಕ ಬೇಕೆಂದೇ ಒಂದು ಮಾತೂ ಆಡಲಿಲ್ಲ. ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ತಾಯಿ ಅಳು ಹತ್ತಿಕ್ಕಲಾಗದೆ ಕಂಬಕ್ಕೆ ಆತುಕೊಂಡದ್ದು ನೋಡಿ, ಅವ್ವಾ ತಮಾಷಿಗೆ ಮಾಡಿದ್ನವಾ ಅಂತ ಹತ್ತು ಸಲ ಹೇಳಿದಳು. ಮದುವೆ ಬೇಕು ಬೇಡ ಅನ್ನುವುದಕ್ಕಿಂತ, ಹರಕೆ ಒಂದು ನೆಟ್ಟಗೆ ಮುಟ್ಟಬೇಕೆಂಬುದು ಅವತ್ತಿನಿಂದ ಇಬ್ಬರಿಗೂ ಹಟವಾಯಿತು.

ಮೇಲ್ಮುಖ ಹರಕೆಗೆ ವಿಶೇಷ ಅನುಮತಿ ಕೋರಿ ಅರ್ಜಿ ಹಾಕಲಾಯಿತು. ಅರ್ಜಿ ಪರಿಶೀಲನೆಯಲ್ಲಿದೆಯೆಂದು ಸಮಿತಿ ಹೇಳಿತು. ಕಲ್ಲು ಗುಡ್ಡದ ಬುಡದ ಬೇವಿನ ಮರದ ಕೆಳಗೆ ಕುಂತಿತು. ಅಕ್ಕನಾಗಮ್ಮ ಅಮಾವಾಸ್ಯೆಗೊಮ್ಮೆ ಬಂದು, ಕಲ್ಲನ್ನು ಒರೆಸಿ, ಅರ್ಜಿ ಎಲ್ಲಿಗೆ ಬಂತೆಂದು ಕೇಳಿ ಹೋಗತೊಡಗಿದಳು. ಅರ್ಜಿ ಎಲ್ಲಿಗೂ ಬರಲಿಲ್ಲ. ಗುಡ್ಡ ಮಾತ್ರ ಪ್ರತಿ ಸಲವೂ ಒಂದಿಷ್ಟು ಕೆಳಗೆ ಬಂದಿರುತ್ತಿತ್ತು.

ಮನುಷ್ಯ ಭಕ್ತರಿಂದ ಸ್ವಾಮಿಯವರ ಬೆನ್ನುನೋವು ನಿರೀಕ್ಷಿಸಿದ ವೇಗದಲ್ಲಿ ಕಡಿಮೆಯಾಗದ ಕಾರಣ ಸಮಿತಿ ಯಂತ್ರಭಕ್ತರಿಗೂ ಅವಕಾಶ ಕೊಟ್ಟಿತ್ತು. ಮಣ್ಣು ಅಗೆಯುವ ಹಿಟಾಚಿಗಳಿಗೆ ವಿಭೂತಿ ಬಳಿದು, ಮಾಲೆ ಹಾಕಿ, ಅವುಗಳ ಹೆಸರಲ್ಲಿ ಹರಕೆ ಬರೆಸಿ ಗುಡ್ಡ ಹತ್ತಿಸಲಾಯಿತು. ಅವುಗಳ ಭಕ್ತಿ ಹಗಲು ರಾತ್ರಿ ನಡೆಯಿತು. ಗಣಿಯಿಂದ ಅದಿರು ಸಾಗಿಸಲು ಸರಕಾರದ ಪರ್ಮಿಟ್ಟು ಬೇಕು. ಹರಕೆ ಇಳಿಸಲು ಯಾವ ಕಾಯ್ದೆಯಲ್ಲೂ ಪರ್ಮಿಟ್ಟಿನ ಮಾತಿಲ್ಲ. ಹಾಗಾಗಿ ಟಿಪ್ಪರುಗಳ ಹಣೆಯ ಮೇಲೆ "ಹರಕೆ ಸೇವೆ" ಎಂದು ಬರೆಯಿಸಲಾಗಿ, ರಸ್ತೆಯ ಚೆಕ್‌ಪೋಸ್ಟಿನವರು ಚಪ್ಪಲಿ ಬಿಟ್ಟು ಗೇಟು ಎತ್ತುತ್ತಿದ್ದರು. ಕ್ರಮೇಣ ಬೇರೆ ಬೇರೆ ಗುಡ್ಡಗಳ ಟಿಪ್ಪರುಗಳೂ ಹರಕೆ ಹೊತ್ತವು. ಜಿಲ್ಲೆಯಲ್ಲಿ ಭಕ್ತಿ ಈ ಪರಿ ಹೆಚ್ಚಿದ್ದನ್ನು ಕಂಡು ಹಿರಿಯರು ಸಂತೋಷಪಟ್ಟರು. ವಿಜಯಕುಮಾರನೂ ಹರಕೆ ಲಾರಿಯನ್ನೇ ಓಡಿಸುತ್ತಿದ್ದ. ದಿನಕ್ಕೆ ಅವನು ಇಳಿಸುತ್ತಿದ್ದ ಹರಕೆ ನೋಡಿದರೆ, ಅವನ ಏಳು ತಲೆಮಾರು ಮೂಕರಾಗಿ ಹುಟ್ಟಿದ್ದರೂ ಮಾತು ಬರಬೇಕಿತ್ತು.

ಗುಡ್ಡ ಇಳಿದಂತೆ ಗುಡಿಯೂ ಇಳಿಯಬೇಕಷ್ಟೆ. ಹಂಪಿಯಲ್ಲಿ ಹಳೇ ಮಂಟಪ ಬಿಚ್ಚಿ, ಕಲ್ಲಿಗೆ ಬಿಳಿ ಬಣ್ಣದಲ್ಲಿ ನಂಬರು ಹಾಕಿ, ಮತ್ತೆ ಕಟ್ಟುವುದನ್ನು ಸಮಿತಿಯವರು ನೋಡಿ ಬಂದಿದ್ದರು. ಅದೇ ಶಾಸ್ತ್ರೀಯ ಕ್ರಮದಲ್ಲಿ ಹೊರೆಮಲ್ಲಯ್ಯನ ಗುಡಿಯನ್ನು ಬಿಚ್ಚಿ, ನಂಬರು ಹಾಕಿ, ಗಣಿಯ ಕೆಳಗಿನ ಹಂತದಲ್ಲಿ ಕಟ್ಟಲಾಯಿತು. ಅಲ್ಲಿಯೂ ಅಗೆಯುವುದು ಮುಗಿದ ಮೇಲೆ ಅದಕ್ಕೂ ಕೆಳಗೆ. ಸೈಕಲ್ಲು ಬಿಚ್ಚಿ ಜೋಡಿಸಿದ ಹುಡುಗನ ಕೈಯಲ್ಲಿ ನಾಲ್ಕು ನಟ್ಟು ಉಳಿಯುವಂತೆ, ಪ್ರತಿ ಸಲ ಕಟ್ಟಿದಾಗಲೂ ಒಂದಿಷ್ಟು ಕಲ್ಲು ಉಳಿಯುತ್ತಿತ್ತು. ಉಳಿದವು ಸಾಮಾನ್ಯವಾಗಿ ಒಳ್ಳೆ ಗ್ರೇಡಿನವೇ ಆಗಿರುತ್ತಿದ್ದವು. ಮೊದಲ ಸ್ಥಳಾಂತರದಲ್ಲಿ ಪ್ರಾಕಾರ ಹೋಯಿತು, ಎರಡನೆಯದರಲ್ಲಿ ಮಂಟಪ, ಮೂರನೆಯದರಲ್ಲಿ ಗೋಡೆ. ಕೊನೆಗೆ ನಾಲ್ಕು ಕಂಬ, ಮೇಲೊಂದು ತಗಡು, ನಡುವೆ ಮಲ್ಲಯ್ಯ. ಗಾಳಿ ಬೆಳಕು ಚೆನ್ನಾಗಿ ಬರುತ್ತದೆಂದು ಸಮಿತಿಯ ವಾರ್ಷಿಕ ವರದಿಯಲ್ಲಿದೆ.

ಒಂದು ಅಮಾವಾಸ್ಯೆಗೆ ಅಕ್ಕನಾಗಮ್ಮ ಬಂದಾಗ, ಬೇವಿನ ಮರದಡಿಯ ಕಲ್ಲೂ ಮಲ್ಲಯ್ಯನೂ ಒಂದೇ ಮಟ್ಟದಲ್ಲಿದ್ದರು. ನಡುವೆ ಹತ್ತು ಮಾರು ಬಯಲು. ದೇವರೇ ತನ್ನ ಮಟ್ಟಕ್ಕೆ ಇಳಿದು ಬಂದನೆಂದು ಅವಳ ಕಣ್ಣು ತುಂಬಿತು. ಕಲ್ಲನ್ನು ಹೊತ್ತು ಹೊರಟಳು. ಸೀಟಿ ಊದಿದರು.

ಸಮಿತಿ ತುರ್ತು ಸಭೆ ಸೇರಿ ವಿಷಯವನ್ನು ಕೂಲಂಕಷವಾಗಿ ಚರ್ಚಿಸಿತು. ಅರ್ಜಿದಾರಳು ಕೋರಿರುವುದು ಮೇಲ್ಮುಖ ಹರಕೆ. ಸಮಿತಿ ಮನ್ನಿಸುವುದು ಕೆಳಮುಖ ಹರಕೆ. ಸಮತಟ್ಟಾದ ನೆಲದ ಮೇಲೆ ಕಲ್ಲು ಒಯ್ದರೆ ಅದು ಅಡ್ಡಮುಖ ಹರಕೆಯಾಗುತ್ತದೆ. ಅದು ಹಳೇ ಪದ್ಧತಿಯಲ್ಲೂ ಇಲ್ಲ, ಹೊಸ ಪದ್ಧತಿಯಲ್ಲೂ ಇಲ್ಲ, ಸ್ವಪ್ನದಲ್ಲೂ ಬಂದಿಲ್ಲ. ಅರ್ಜಿ ತಿರಸ್ಕೃತ. ಅಕ್ಕನಾಗಮ್ಮ ಹತ್ತು ಮಾರು ದೂರದಲ್ಲಿ ತಲೆ ಮೇಲೆ ಕಲ್ಲಿಟ್ಟುಕೊಂಡೇ ನಿಂತು ತೀರ್ಪು ಕೇಳಿದಳು. ಆಮೇಲೆ ಕಲ್ಲನ್ನು ಮರದ ಕೆಳಗೇ ಇಳಿಸಿದಳು. ಮಲಪನಗುಡಿಯಿಂದ ದುರ್ಗಕ್ಕ ಬರುವ ದೀಪಾವಳಿಯ ತನಕ ಕಾಯುತ್ತೇವೆ, ಆಮೇಲೆ ದರೋಜಿ ಕಡೆಯದೊಂದು ಸಂಬಂಧ ಇದೆ, ಆ ಹುಡುಗಿ ಮಾತು ಕಮ್ಮಿ ಆದರೂ ಹರಕೆ ಇಲ್ಲ ಅಂತ ಹೇಳಿ ಕಳಿಸಿದ್ದಳು.

ದೀಪಾವಳಿಯೊಳಗೆ ಯಂತ್ರಭಕ್ತರು ನೆಲದ ಮಟ್ಟವನ್ನೂ ದಾಟಿ ಕೆಳಗಿಳಿದರು. ಗುಡ್ಡದ ಜಾಗದಲ್ಲಿ ಗುಡ್ಡದಷ್ಟೇ ಗುಂಡಿ ಬಿತ್ತು. ಮಲ್ಲಯ್ಯ, ನಾಲ್ಕು ಕಂಬ, ತಗಡು ಅದರ ತಳಕ್ಕೆ ಹೋದವು. ಅಕ್ಕನಾಗಮ್ಮ ಅಂಚಿಗೆ ನಿಂತು ಬಗ್ಗಿ ನೋಡಿ, ಇನ್ನು ಈ ಜನ್ಮದಲ್ಲಿ ಮೇಲ್ಮುಖ ಎಂಬುದು ಆಗದ ಮಾತು ಅಂತ ಸೋತು ಕುಂತಳು. ತ್ರಿವೇಣಿ ಕೂರಲಿಲ್ಲ. ಸಮಿತಿಯ ಸಭೆ ನಡೆದಿದ್ದ ಶೆಡ್ಡಿಗೆ ಕೇಳದೆ ಹೋಗಿ ನಿಂತಳು.

"ಅಧ್ಯಕ್ಷರ, ಹಳೇ ಪದ್ಧತಿ ಏನು? ಕಲ್ಲು ದೇವರ ಹಂತೇಕ ಹೋಗಬೇಕು. ಹೊಸಾ ಪದ್ಧತಿ ಏನು? ಕಲ್ಲು ಕೆಳಗ ಇಳೀಬೇಕು. ದೇವರು ಈಗ ಎಲ್ಲಿ ಅದಾನ?"

ನಾಗೇಂದ್ರಪ್ಪನವರು ಕಿಟಕಿಯಿಂದ ಗುಂಡಿಯ ಕಡೆ ನೋಡಿದರು.

"ನಮ್ಮವ್ವ ಕಲ್ಲು ತಗೊಂಡು ಇಳಿದ್ರ ಎರಡೂ ಆತಲ್ರಿ."

ಸದಸ್ಯರೂ ಒಬ್ಬೊಬ್ಬರಾಗಿ ಎದ್ದು ಕಿಟಕಿಗೆ ಬಂದು ಗುಂಡಿ ನೋಡಿ ಹೋದರು. ಆಮೇಲೆ ಅಧ್ಯಕ್ಷರು, ಇದೇ ಅಭಿಪ್ರಾಯವನ್ನು ತಾವು ಬಹಳ ದಿನಗಳಿಂದ ಹೊಂದಿದ್ದುದಾಗಿ ನಡಾವಳಿಯಲ್ಲಿ ಬರೆಯಿಸಿದರು. ಗುಣಮಟ್ಟದ ಪ್ರಶ್ನೆ ಬಂತು. ಮನೋಹರ ಎದ್ದು, ಗುಂಡಿಯ ತಳದಲ್ಲಿ ಅದಿರು ಮುಗಿದು ಬಿಳಿ ಮಣ್ಣು ಬಂದಿರುವುದರಿಂದ ಸ್ಥಳದ ಸರಾಸರಿ ಈಗ ಹೆಚ್ಚುಕಡಿಮೆ ಸೊನ್ನೆ, ಅರ್ಜಿದಾರಳ ಕಲ್ಲಿನಲ್ಲಿ ನೂರಕ್ಕೆ ನಾಲ್ಕು ಇರುವುದರಿಂದ ದೇವರ ಸರಾಸರಿ ಏರುತ್ತದೆಂದು ವರದಿ ಮಾಡಿದ. ಅರ್ಜಿ ಮಂಜೂರಾಯಿತು.

ಅಕ್ಕನಾಗಮ್ಮ ಸಿಂಬಿ ಇಟ್ಟು ಕಲ್ಲು ಹೊತ್ತಳು. ಟಿಪ್ಪರು ಓಡಾಡಿ ಮಾಡಿದ ಸುತ್ತು ದಾರಿಯಲ್ಲಿ, ಬರಿಗಾಲಲ್ಲಿ, ಸುತ್ತಿ ಸುತ್ತಿ ಇಳಿದಳು. ತಂದಾಗ ಬಿಳುಪಾಗಿದ್ದ ಕಲ್ಲು ಮರದಡಿಯಲ್ಲಿ ಕುಂತು ಕುಂತು ಕೆಂಪಾಗಿತ್ತು. ಕುತ್ತಿಗೆ ನೋಯುತ್ತಿತ್ತು, ಆದರೆ ಅದು ಅವಳೇ ಬೇಡಿಕೊಂಡ ನೋವು. ಮಗಳ ಮೂರು ವರ್ಷದ ಮೌನಕ್ಕಿಂತ ಹಗುರವಾಗಿತ್ತು. ತಳದಲ್ಲಿ ಪಾಲಪ್ಪ ತಂಬಿಗೆ ಹಿಡಿದು ಕಾಯುತ್ತಿದ್ದ. ಅವಳು ಕಲ್ಲನ್ನು ಮಲ್ಲಯ್ಯನ ಹಿಂದೆ ಇಳಿಸಿ, ಹಣೆ ಹಚ್ಚಿ, ಎದ್ದು, ಸುತ್ತ ನಿಂತ ಕೆಂಪು ಗೋಡೆಗಳನ್ನು ನೋಡಿದಳು. ಆಕಾಶ ಬಾವಿಯ ಬಾಯಿಯಷ್ಟು ಕಂಡಿತು.

"ಪೂಜಾರಪ್ಪ, ಇಷ್ಟು ಆಳದಾಗಿಂದ ಬೇಡಿಕೊಂಡ್ರ ಆತಗ ಕೇಳಸ್ತೈತೇನು?"

ಪಾಲಪ್ಪ ತಂಬಿಗೆ ಕೆಳಗಿಟ್ಟ. "ಮ್ಯಾಲಿದ್ದಾಗ ಗಾಳಿಗೆ ಮಾತು ಹಾರಿ ಹೋಗೋದವಾ. ಇಲ್ಲಿ ಹಂಗಲ್ಲ. ಒಂದು ಸಲ ಅಂದ್ರ ಮೂರು ಸಲ ಕೇಳಸ್ತೈತಿ."

ಚೀಟಿಯಲ್ಲಿ "ಮೇಲ್ಮುಖ ಹರಕೆ, ಕೆಳಮುಖವಾಗಿ, ಸಂದಾಯ" ಎಂದು ಬರೆದಿತ್ತು. ದುರ್ಗಕ್ಕ ಅದನ್ನು ಮೂರು ಸಲ ಓದಿಸಿ, ಅರ್ಥವಾಗದಿದ್ದರೂ ಮೇಲ್ಮುಖ ಎಂಬ ಮಾತು ಮೊದಲು ಬಂದಿದೆಯೆಂದು ಒಪ್ಪಿಕೊಂಡಳು. ಅಕ್ಕಿಕಾಳು ಬಿತ್ತು. ತಾಳಿ ಕಟ್ಟುವಾಗ ಗಂಡು ಗಂಟಿನ ಲೆಕ್ಕ ತಪ್ಪಿದ್ದನ್ನು ಕುರಿತು ಮದುಮಗಳು ಪೆಂಡಾಲಿನಲ್ಲೇ ಆಡಿದ ಮಾತುಗಳಿಂದ, ಹರಕೆ ಪೂರ್ತಿಯಾಗಿ ಸಂದಿದೆಯೆಂಬುದು ಬೀಗರೆಲ್ಲರಿಗೂ ಖಾತ್ರಿಯಾಯಿತು.

ಇಷ್ಟಕ್ಕೆ ಮುಗಿಯಬಹುದಿತ್ತು. ಆದರೆ ಆ ವೇಳೆಗೆ ಮೇಲಿನ ಯಾವುದೋ ಕಚೇರಿಯಿಂದ ಒಬ್ಬ ಸಾಹೇಬರು ಬಂದು, ಅಗೆದವರು ಗುಂಡಿಯನ್ನು ತುಂಬಿಸಿ ನೆಲವನ್ನು ಮೊದಲಿನಂತೆ ಮಾಡಿಕೊಡಬೇಕೆಂಬ ಕಾನೂನನ್ನು ಓದಿ ಹೇಳಿ ಹೋದರು. ಯಂತ್ರಭಕ್ತರನ್ನು ಕೇಳೋಣವೆಂದರೆ ಅವರ ಹರಕೆ ಮುಗಿದು ಬೇರೆ ಗುಡ್ಡದ ದೇವರಿಗೆ ನಡೆದುಕೊಳ್ಳತೊಡಗಿದ್ದರು. ಸಮಿತಿಗೆ ಆಗ ಅಕ್ಕನಾಗಮ್ಮನ ನೆನಪಾಯಿತು. ಕಮಾನಿನ ಬೋರ್ಡು ಬದಲಾಯಿತು: ಅನಾದಿ ಕಾಲದಿಂದ ನಡೆದುಬಂದಿರುವ ಪವಿತ್ರ ಸಂಪ್ರದಾಯದಂತೆ, ಭಕ್ತರು ತಮ್ಮ ಕಷ್ಟ ಕಳೆದ ಜಾಗದ ಕಲ್ಲನ್ನು ಸ್ವಂತ ಖರ್ಚಿನಲ್ಲಿ ತಂದು ಸ್ವಾಮಿಯವರ ಸನ್ನಿಧಿಗೆ ಇಳಿಸತಕ್ಕದ್ದು, ಕಬ್ಬಿಣವುಳ್ಳ ಕಲ್ಲನ್ನು ಕಡ್ಡಾಯವಾಗಿ ಶೆಡ್ಡಿನಲ್ಲಿ ಒಪ್ಪಿಸತಕ್ಕದ್ದು. ಕಂಪ್ಲಿ, ದರೋಜಿ, ಹೊಸಪೇಟೆ ಕಡೆಯಿಂದ ಜನ ಗೋಣಿಚೀಲ ಹಿಡಿದು ಬಸ್ಸು ಹತ್ತಿದರು. ಬಸ್ಸಿನ ಕಿಟಕಿಯಿಂದಲೇ ಗುಡ್ಡಕ್ಕೆ ಕೈ ಮುಗಿಯುವ ರೂಢಿಯಿದ್ದವರು ಕತ್ತನ್ನು ಮೇಲೆತ್ತುವ ಬದಲು ತಗ್ಗಿಸುವುದನ್ನು ಒಂದೇ ವಾರದಲ್ಲಿ ಕಲಿತರು.

ಹೊಸ ಸೇವೆಯ ಮೊದಲ ಭಕ್ತೆ ಎಂದು ಅಕ್ಕನಾಗಮ್ಮನಿಗೆ ಗುಂಡಿಯ ಅಂಚಿನಲ್ಲಿ ಪೆಂಡಾಲು ಹಾಕಿ ಸನ್ಮಾನ ಇಟ್ಟುಕೊಂಡರು. ಅವಳಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಎತ್ತರದ ಕುರ್ಚಿಯಲ್ಲಿ ಕೂರಿಸಿದರು. ಗಂಡನ ಜೊತೆ ಮುಂದಿನ ಸಾಲಿನಲ್ಲಿ ಕುಂತಿದ್ದ ತ್ರಿವೇಣಿ, ಅವ್ವಾ ನೀನು ಹರಕಿ ತೀರಿಸಿದ್ದೋ ಇವರ ಗುಂಡಿ ಮುಚ್ಚಿದ್ದೋ ಅಂತ ಅಲ್ಲಿಂದಲೇ ಕೇಳಿದಳು. ಅಕ್ಕನಾಗಮ್ಮ ಸುಮ್ಮನಿರು ಎಂಬಂತೆ ಕಣ್ಣು ಮಾಡಿದಳು. ಚೀಟಿ ಇತ್ತು, ಮದುವೆಯಾಗಿತ್ತು, ಮಗಳು ಮಾತಾಡುತ್ತಿದ್ದಳು. ಇನ್ನು ಕೇಳುವುದಕ್ಕೇನೂ ಉಳಿದಿರಲಿಲ್ಲ.

ಮನೋಹರ ಲೆಕ್ಕ ಮಂಡಿಸಿದ. ಭಕ್ತರು ಈಗಿನ ಪ್ರಮಾಣದಲ್ಲಿ ಕಲ್ಲು ತಂದರೆ ಗುಂಡಿ ತುಂಬಿ ನೆಲಕ್ಕೆ ಸಮವಾಗಲು ಸುಮಾರು ಐನೂರು ವರ್ಷ ಬೇಕು. ಹಿಂದಿನ ಸಾಲಿನಿಂದ ಮುದುಕನೊಬ್ಬ ಎದ್ದು, ಅಷ್ಟು ಕಲ್ಲು ಬರಬೇಕಾದರೆ ಜನರಿಗೆ ಅಷ್ಟು ಕಷ್ಟವೂ ಬರಬೇಕಲ್ಲ, ಅದಕ್ಕೆ ಸಮಿತಿ ಏನು ವ್ಯವಸ್ಥೆ ಮಾಡಿದೆ ಎಂದು ವಿನಯದಿಂದ ಕೇಳಿದ.

ನಾಗೇಂದ್ರಪ್ಪನವರು ಮೈಕಿನ ಹತ್ತಿರ ಬಂದು, "ಅದಕ್ಕ ಏನೂ ಕೊರತಿ ಮಾಡಂಗಿಲ್ರಿ," ಎಂದು ಭರವಸೆ ಕೊಟ್ಟರು.

ಸಭೆ ಚಪ್ಪಾಳೆ ತಟ್ಟಿತು. ಅಕ್ಕನಾಗಮ್ಮ ಜಾರುತ್ತಿದ್ದ ಶಾಲನ್ನು ಸರಿಮಾಡಿಕೊಂಡು, ಬುಟ್ಟಿಯನ್ನು ತೊಡೆಯಿಂದ ಕೆಳಗಿಟ್ಟು, ತಾನೂ ತಟ್ಟಿದಳು.